ಟೊಯೋಟಾ ಇನ್ನೋವಾ ಡೀಸೆಲ್: ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೆ ಗೊತ್ತಾಗುವ ವಿಷಯಗಳು

"ಇನ್ನೋವಾ ತಗೊಳ್ಳಿ, ಐದು ಲಕ್ಷ ಕಿಲೋಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಬಹುದು" ಅನ್ನುವ ಮಾತು ಮೆಜೆಸ್ಟಿಕ್‌ನ ಟ್ಯಾಕ್ಸಿ ಸ್ಟ್ಯಾಂಡಿನಿಂದ ಹಿಡಿದು ಮಂಗಳೂರಿನ ಹಂಪನಕಟ್ಟೆಯವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಐದು ಲಕ್ಷ ಓಡುತ್ತದೆ ಅನ್ನುವುದು ನಿಜ. ಕಣ್ಣು ಮುಚ್ಚಿಕೊಂಡು ಅನ್ನುವುದು ಶುದ್ಧ ಸುಳ್ಳು, ಮತ್ತು ಆ ಸುಳ್ಳಿನಿಂದಲೇ ಎಷ್ಟೋ ಒಳ್ಳೆಯ ಎಂಜಿನ್‌ಗಳು ಹಾಳಾಗಿವೆ. ಇನ್ನೋವಾ ಕೂಡ ಕೆಡುತ್ತದೆ. ಆದರೆ ಮುಂಚೆಯೇ ಸೂಚನೆ ಕೊಟ್ಟು ಕೆಡುತ್ತದೆ, ಎಲ್ಲ ಗಾಡಿಗಳಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕೆಡುತ್ತದೆ, ಬೇಕಾದ ಪಾರ್ಟು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಅದರ ಹೆಸರು ನಿಂತಿರುವುದು ಇದರ ಮೇಲೆ.

ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಟೊಯೋಟಾ ಹುಟ್ಟಿದ್ದು ಮಗ್ಗದ ಕಾರ್ಖಾನೆಯಲ್ಲಿ. ಸಕಿಚಿ ಟೊಯೋಡಾ 1924ರಲ್ಲಿ ಹೊರತಂದ ಟೈಪ್ ಜಿ ಸ್ವಯಂಚಾಲಿತ ಮಗ್ಗ ನೂಲು ತುಂಡಾದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಮಾರಿದರು. ಮಗ ಕೀಚಿರೊ ಮಗ್ಗದ ಕಂಪನಿಯೊಳಗೇ 1933ರಲ್ಲಿ ಕಾರಿನ ವಿಭಾಗ ತೆರೆದ. 1937ರಲ್ಲಿ ಟೊಯೋಟಾ ಮೋಟಾರ್ ಪ್ರತ್ಯೇಕ ಕಂಪನಿಯಾಯಿತು. ನಮ್ಮಲ್ಲೂ ಇದೇ ಕ್ರಮ ಅನ್ನುವುದು ಅನೇಕರಿಗೆ ಗೊತ್ತಿಲ್ಲ. ಕಿರ್ಲೋಸ್ಕರ್ ಜೊತೆ ಟೊಯೋಡಾ ಬಳಗದವರು ಮೊದಲು ಆರಂಭಿಸಿದ್ದು ಬೆಂಗಳೂರಿನ ಜಿಗಣಿಯ ಜವಳಿ ಯಂತ್ರಗಳ ಕಂಪನಿ, 1995ರಲ್ಲಿ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿದ್ದು 1997ರಲ್ಲಿ. ಬಿಡದಿ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದು 2000ದ ಆರಂಭದಲ್ಲಿ ಮಾರಾಟಕ್ಕೆ ಬಂತು. ಜಿಗಣಿಯ ಆ ಕಂಪನಿಯೇ ಮುಂದೆ ಎಂಜಿನ್ ತಯಾರಿಕೆಗೆ ಇಳಿದು ಎರಡನೇ ತಲೆಮಾರಿನ ಇನ್ನೋವಾ ಆದ ಕ್ರಿಸ್ಟಾಗೆ ಡೀಸೆಲ್ ಎಂಜಿನ್ ಕೊಡತೊಡಗಿತು.

ಕ್ವಾಲಿಸ್ ಅಂದರೆ ಇಂಡೋನೇಷ್ಯಾದ ಕಿಜಾಂಗ್‌ನ ನಮ್ಮ ಅವತಾರ. 2.4 ಲೀಟರ್ ಡೀಸೆಲ್, ಟರ್ಬೋ ಇಲ್ಲ, ಒಂದೇ ಪೈಪಿನಿಂದ ಹೆಚ್ಚು ಒತ್ತಡದಲ್ಲಿ ಡೀಸೆಲ್ ಹಂಚುವ ಕಾಮನ್ ರೈಲ್ ಇಲ್ಲ, 75 ಅಶ್ವಶಕ್ತಿ. ನೋಡಲು ಡಬ್ಬಿ, ಓಟದಲ್ಲಿ ಎತ್ತಿನಗಾಡಿ. ಆದರೆ ಹತ್ತು ಜನರನ್ನು ತುಂಬಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ ಸುತ್ತಿ ಬಂದರೂ ತಕರಾರು ಇರಲಿಲ್ಲ. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರ ಫೆಬ್ರವರಿಯಲ್ಲಿ ಇನ್ನೋವಾ ತಂದರು. ಆಗ ಬೈದವರು ಬಹಳ ಮಂದಿ.

ಮೊದಲ ತಲೆಮಾರಿನ ಇನ್ನೋವಾದಲ್ಲಿರುವುದು 2ಕೆಡಿ-ಎಫ್‌ಟಿವಿ ಎಂಜಿನ್: 2494 ಸಿಸಿ, 102 ಅಶ್ವಶಕ್ತಿ, 200 ಎನ್‌ಎಂ ಟಾರ್ಕ್. 2.5 ಲೀಟರ್ ಟರ್ಬೋ ಡೀಸೆಲ್‌ಗೆ ಇದು ತೀರಾ ಕಡಿಮೆ. ಎಂಜಿನ್ ಬಾಳಿಕೆಯ ಅರ್ಧ ಗುಟ್ಟು ಇಲ್ಲೇ ಇದೆ. ಟರ್ಬೋ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಕೂಡ ಇಲ್ಲದೆ, ಸಾಮರ್ಥ್ಯದ ತುದಿಯವರೆಗೆ ಹಿಂಡದೆ ಬಿಟ್ಟಿದ್ದಾರೆ. ಟಾರ್ಕ್ 1400 ಆರ್‌ಪಿಎಮ್‌ನಲ್ಲೇ ಸಿಗುವುದರಿಂದ ಚಾರ್ಮಾಡಿ ಘಾಟಿಯಲ್ಲಿ ತುಂಬಿದ ಗಾಡಿ ಎರಡನೇ ಗೇರಲ್ಲಿ ಗೊಣಗದೆ ಹತ್ತುತ್ತದೆ. ಮೈಲೇಜ್ ಊರೊಳಗೆ 10, ಹೈವೇಯಲ್ಲಿ 12-13. ಇದಕ್ಕಿಂತ ಹೆಚ್ಚು ಹೇಳುವವರು ಮಾರುವ ಯೋಚನೆಯಲ್ಲಿರುತ್ತಾರೆ.

ಇನ್ನು ಕೆಡುವ ವಿಷಯ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಗ್ಗೆ ಕೊಂಚ ವಿವರವಾಗಿಯೇ ಹೇಳಬೇಕು, ಏಕೆಂದರೆ ದೊಡ್ಡ ಬಿಲ್ ಬರುವುದು ಅಲ್ಲಿಂದಲೇ.

ಎರಡು ಲಕ್ಷ ದಾಟಿದ ಗಾಡಿಯಲ್ಲಿ ಬೆಳಗಿನ ಮೊದಲ ಸ್ಟಾರ್ಟ್‌ಗೆ ಕಟಕಟ ಸದ್ದು ಜೋರಾಗಿ ಬಂದು, ಬಿಳಿ ಹೊಗೆ ಕಂಡು, ಐಡಲ್‌ನಲ್ಲಿ ಎಂಜಿನ್ ಏರಿಳಿಯುತ್ತಿದ್ದರೆ ಮೊದಲು ಅನುಮಾನ ಇಂಜೆಕ್ಟರ್ ಮೇಲೆ ಹೋಗಬೇಕು. ಆದರೆ ಸಮಸ್ಯೆ ಎರಡು ಥರ. ಒಂದು, ಇಂಜೆಕ್ಟರೇ ಸವೆದು ಹೆಚ್ಚು ಅಥವಾ ಕಡಿಮೆ ಡೀಸೆಲ್ ಬಿಡುವುದು. ಸ್ಕ್ಯಾನರ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ನಾಲ್ಕೂ ಸಿಲಿಂಡರ್‌ನ ಇಂಜೆಕ್ಷನ್ ಫೀಡ್‌ಬ್ಯಾಕ್ ಸಂಖ್ಯೆ, ಅಂದರೆ ಎಂಜಿನ್ ಕಂಪ್ಯೂಟರ್ ಡೀಸೆಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವುದನ್ನು ನೋಡಿ. ಮೈನಸ್ 3ರಿಂದ ಪ್ಲಸ್ 3ರೊಳಗೆ ಇದ್ದರೆ ಚಿಂತೆಯಿಲ್ಲ. ಒಂದು ಸಿಲಿಂಡರ್ ಮಾತ್ರ ಅದರಾಚೆ ಹೋಗಿದ್ದರೆ ಆ ಇಂಜೆಕ್ಟರನ್ನು ಬೆಂಚ್ ಟೆಸ್ಟಿಗೆ ಕಳಿಸಿ. ಸ್ಕ್ಯಾನರ್ ಹಾಕದೇ "ನಾಲ್ಕೂ ಹೋಗಿದೆ ಸಾರ್" ಅನ್ನುವ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ.

ಎರಡನೆಯದು ಹೆಚ್ಚು ಅಪಾಯದ್ದು, ಸದ್ದಿಲ್ಲದ್ದು. ಇಂಜೆಕ್ಟರ್ ತುದಿಯಲ್ಲಿ, ಸಿಲಿಂಡರ್ ಹೆಡ್ ಮೇಲೆ ಕೂರುವ ಜಾಗದಲ್ಲಿ, ಒಂದು ಚಿಕ್ಕ ವಾಷರ್ ಇದೆ. ಅದು ಸೋರತೊಡಗಿದರೆ ಉರಿಯುವ ಗ್ಯಾಸು ಮೇಲೆ ನುಗ್ಗಿ ಮಸಿಯನ್ನು ಎಂಜಿನ್ ಆಯಿಲ್‌ಗೆ ಬೆರೆಸುತ್ತದೆ. ಆಯಿಲ್ ದಪ್ಪಗಾಗುತ್ತದೆ, ಮಸಿ ಗಟ್ಟಿಕಟ್ಟಿ ಕೆಳಗೆ ಸಂಪ್‌ನೊಳಗಿನ, ಅಂದರೆ ಆಯಿಲ್ ನಿಲ್ಲುವ ತೊಟ್ಟಿಯೊಳಗಿನ ಸ್ಟ್ರೈನರ್ ಜಾಲರಿಯನ್ನು ಮುಚ್ಚುತ್ತದೆ, ಆಯಿಲ್ ಮೇಲೇರದೆ ಬೇರಿಂಗ್ ಒಣಗುತ್ತದೆ. ಆಸ್ಟ್ರೇಲಿಯಾದಲ್ಲಿ ಇದೇ ಕೆಡಿ ಬಳಗದ ಎಂಜಿನ್ ಇರುವ ಪ್ರಾಡೋ, ಹೈಲಕ್ಸ್ ಮಾಲೀಕರದ್ದೂ ಇದೇ ದೂರು. ಆಯಿಲ್ ಕ್ಯಾಪ್ ತೆಗೆದು ಒಳಗೆ ಟಾರ್ಚ್ ಬಿಡಿ; ಡಾಂಬರಿನಂಥ ಗಟ್ಟಿ ಪದರ ಕಂಡರೆ ಸಂಪ್ ಬಿಚ್ಚಿಸಿ ಜಾಲರಿ ನೋಡಲೇಬೇಕು. ಸ್ಟಾರ್ಟ್ ಆದ ಮೇಲೆ ಆಯಿಲ್ ದೀಪ ಆರಲು ಮೊದಲಿಗಿಂತ ಹೊತ್ತು ಹಿಡಿದರೂ ಅಷ್ಟೇ. ಇಂಜೆಕ್ಟರ್ ಒಮ್ಮೆ ಹೊರಬಂದರೆ ವಾಷರ್ ಹೊಸದೇ ಆಗಬೇಕು, ಹಳೆಯದನ್ನು ಉಜ್ಜಿ ಹಾಕುವ ಹಾಗಿಲ್ಲ. ಕೂರುವ ಜಾಗದ ಮಸಿಯನ್ನು ಕೆರೆದು ಲೋಹ ಹೊಳೆಯುವವರೆಗೆ ಸ್ವಚ್ಛ ಮಾಡದಿದ್ದರೆ ಹೊಸ ವಾಷರೂ ಬೇಗ ಸೋರುತ್ತದೆ. ವಾಷರ್ ಬೆಲೆ ಚಿಲ್ಲರೆ ಕಾಸು, ಎಂಜಿನ್ ಬಿಚ್ಚಿಸಿದರೆ ಲಕ್ಷದ ಮಾತು.

ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವುದು ಬಿಟ್ಟು ಏರುತ್ತಿದ್ದರೆ ಖುಷಿಪಡಬೇಡಿ. ಡೀಸೆಲ್ ರಿಟರ್ನ್ ಪೈಪು ಈ ಎಂಜಿನ್‌ನಲ್ಲಿ ವಾಲ್ವ್ ಕವರಿನೊಳಗೇ ಇದೆ. ಅಲ್ಲಿನ ಸೀಲ್ ಹೋದರೆ ಡೀಸೆಲ್ ನೇರ ಆಯಿಲ್‌ಗೆ ಇಳಿಯುತ್ತದೆ. ಬೆರಳಿಗೆ ಹಚ್ಚಿ ಮೂಸಿದರೆ ಗೊತ್ತಾಗುತ್ತದೆ.

ಓಡುತ್ತಿರುವಾಗ ಎಳೆತ ಸತ್ತು, ಐಡಲ್ ಅಲುಗಾಡಿ, ಪಿ1229 ಕೋಡ್ ಬಂದರೆ ಹೈ ಪ್ರೆಷರ್ ಪಂಪಿನ ಮೇಲಿರುವ ಎಸ್‌ಸಿವಿ, ಅಂದರೆ ಪಂಪಿಗೆ ಹೋಗುವ ಡೀಸೆಲ್ ಅಳೆದು ಬಿಡುವ ಸಕ್ಷನ್ ಕಂಟ್ರೋಲ್ ವಾಲ್ವ್ ನೋಡಿ. ಪಂಪನ್ನೇ ಬದಲಿಸಬೇಕು ಅನ್ನುವವರು ಸಿಗುತ್ತಾರೆ. ಮೊದಲು ಎಸ್‌ಸಿವಿ ಬದಲಿಸಿ, ಎಂಜಿನ್ ಕಂಪ್ಯೂಟರ್ ಹೊಸ ವಾಲ್ವಿಗೆ ಹೊಂದಿಕೊಳ್ಳಲು ಸ್ಕ್ಯಾನರಿನಲ್ಲಿ ಪಂಪ್ ಲರ್ನಿಂಗ್ ಮಾಡಿಸಿ. ತೊಳೆದು ಮತ್ತೆ ಹಾಕಿದರೆ ಕೆಲವು ವಾರದ ಸುಖ ಮಾತ್ರ.

ಇಂಜೆಕ್ಟರ್ ಸವೆಯುವುದಕ್ಕೂ ಎಸ್‌ಸಿವಿ ಕೆಡುವುದಕ್ಕೂ ಬೇರು ಬಹುಮಟ್ಟಿಗೆ ಕೊಳಕು ಡೀಸೆಲ್. ಡೀಸೆಲ್ ಫಿಲ್ಟರನ್ನು 20,000 ಕಿಲೋಮೀಟರ್‌ಗೊಮ್ಮೆ ಬದಲಿಸಿ, ಒರಿಜಿನಲ್ಲೇ ಹಾಕಿ. ಮಳೆಗಾಲದಲ್ಲಿ ಫಿಲ್ಟರ್ ದೀಪ ಹೊತ್ತಿದರೆ ನೀರು ತುಂಬಿದೆ ಅಂತ ಅರ್ಥ. ಎಂಜಿನ್ ಆಫ್ ಮಾಡಿ, ಕೆಳಗೊಂದು ಡಬ್ಬ ಹಿಡಿದು, ಫಿಲ್ಟರ್ ತಳದ ಡ್ರೈನ್ ಪ್ಲಗ್ಗನ್ನು ಒಂದೆರಡು ಸುತ್ತು ಸಡಿಲಿಸಿ, ಮೇಲಿನ ಪ್ರೈಮಿಂಗ್ ಪಂಪ್ ಒತ್ತುತ್ತಾ ಹೋಗಿ. ನೀರು ಮುಗಿದು ಸ್ವಚ್ಛ ಡೀಸೆಲ್ ಬಂದ ಮೇಲೆ ಪ್ಲಗ್ಗನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಎಳೆ ಹೋಗುತ್ತದೆ. ಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ.

ಪಿಸ್ಟನ್ನು, ವಾಲ್ವುಗಳ ತಾಳ ಕಾಯುವ ಟೈಮಿಂಗ್ ಬೆಲ್ಟ್ ಇನ್ನೊಂದು. 2ಕೆಡಿಯಲ್ಲಿ ಚೈನ್ ಇಲ್ಲ, ರಬ್ಬರ್ ಬೆಲ್ಟ್. ನಮ್ಮ ಧೂಳು, ಬಿಸಿಲಿಗೆ ಒಂದು ಲಕ್ಷಕ್ಕೇ ಬದಲಿಸಿ; ಒಂದೂವರೆ ಲಕ್ಷ ದಾಟಿಸುವುದು ಜೂಜು. ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ, ಹೆಡ್ ಕೆಲಸ ತಪ್ಪಿದ್ದಲ್ಲ. ಬೆಲ್ಟ್ ಜೊತೆಗೆ ಐಡ್ಲರ್ ಬೇರಿಂಗ್, ಟೆನ್ಷನರ್ ಕೂಡ ಬದಲಿಸಿ. ಬೆಲ್ಟ್ ಬದಲಿಸಲು ನೆನಪಿಸುವ ಟಿ-ಬೆಲ್ಟ್ ದೀಪ ಆರಿದೆ ಅಂದಮಾತ್ರಕ್ಕೆ ಬೆಲ್ಟ್ ಬದಲಾಗಿದೆ ಅಂತ ನಂಬಬೇಡಿ, ದೀಪವನ್ನು ಯಾರು ಬೇಕಾದರೂ ರೀಸೆಟ್ ಮಾಡಬಹುದು.

ಎಂಜಿನ್ ಆಯಿಲ್ ಏಳು ಲೀಟರ್ ಹತ್ತಿರ ಹಿಡಿಯುತ್ತದೆ. ಹೈವೇ ಗಾಡಿಗೆ 10,000 ಸರಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಬದುಕುವ ಗಾಡಿಗೆ 7,500. ಕೂಲೆಂಟ್ ಟೊಯೋಟಾದ ಗುಲಾಬಿ ಬಣ್ಣದ್ದೇ ಹಾಕಿ. ಮೊದಲ ಸಲ 1,60,000 ಕಿಲೋಮೀಟರ್‌ಗೆ, ಆಮೇಲೆ 80,000ಕ್ಕೊಮ್ಮೆ ಬದಲಾವಣೆ. ನಲ್ಲಿ ನೀರು ಸುರಿದ ರೇಡಿಯೇಟರಿಗೆ ಯಾವ ಜಪಾನೂ ಜವಾಬ್ದಾರಿಯಲ್ಲ.

ಕೆಳಗಿನ ಭಾಗ ಗಟ್ಟಿ, ಆದರೂ ಅಮರವಲ್ಲ. ಮುಂದಿನ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಸವೆದರೆ ಟೈರಿನ ಒಳಂಚು ಬೇಗ ತಿನ್ನುತ್ತದೆ. ಬಾಲ್ ಜಾಯಿಂಟ್ ಸಡಿಲ ಇದೆ ಅಂದ ಮೇಲೆ ಒಂದು ವಾರವೂ ತಳ್ಳಬೇಡಿ, ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಹಾಳು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಸ್ಟೀರಿಂಗಿನಲ್ಲಿ ಟಕ್ ಟಕ್ ಬಡಿತ ಬಂದರೆ ರ‍್ಯಾಕ್ ಬುಷ್. ನಿಂತಲ್ಲಿಂದ ಹೊರಡುವಾಗ ಹಿಂದಿನಿಂದ ಠಣ್ ಅಂದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್. ಪ್ರತಿ ಸರ್ವೀಸಿಗೂ ಅದರ ನಿಪ್ಪಲ್‌ಗೆ ಗ್ರೀಸ್ ಹೊಡೆಸಿದ್ದೀರಾ ಅಂತ ಬಿಲ್ ನೋಡದೆ ಬಾಯಿಬಿಟ್ಟು ಕೇಳಿ. ಹಾರ್ನ್ ನಿಂತು ಏರ್‌ಬ್ಯಾಗ್ ದೀಪ ಹೊತ್ತಿದರೆ ಸ್ಟೀರಿಂಗ್ ಒಳಗಿನ ಸ್ಪೈರಲ್ ಕೇಬಲ್ ಹೋಗಿದೆ. 2014ರಲ್ಲಿ ಇದೇ ಕಾರಣಕ್ಕೆ ಸುಮಾರು 45,000 ಹಳೆಯ ಇನ್ನೋವಾಗಳನ್ನು ಕಂಪನಿ ವಾಪಸ್ ಕರೆದಿತ್ತು.

ಹೊಗಳಿಕೆಯ ಗದ್ದಲದಲ್ಲಿ ಮರೆಯಾಗುವ ಕೊರತೆಗಳೂ ಇವೆ. ಮೊದಲ ವರ್ಷಗಳ ಕೆಳ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಎಬಿಎಸ್ ಇರಲಿಲ್ಲ. ಕೊಟ್ಟ ದುಡ್ಡಿಗೆ ಇದು ಅನ್ಯಾಯವೇ. ಹಿಂದೆ ಡ್ರಮ್ ಬ್ರೇಕು. ತುಂಬಿದ ಗಾಡಿಯನ್ನು ಶಿರಾಡಿಯಲ್ಲಿ ಬ್ರೇಕ್ ಮೇಲೇ ಇಳಿಸಿದರೆ ಪೆಡಲ್ ಮೆತ್ತಗಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಸುವ ಹಳೇ ಡ್ರೈವರ್‌ಗಳ ನಿಯಮ ಇದಕ್ಕೆ ಸರಿಯಾದದ್ದು.

2016ರ ಕ್ರಿಸ್ಟಾ ಬೇರೆಯೇ ಪ್ರಾಣಿ. 2.4 ಲೀಟರ್ 2ಜಿಡಿ ಎಂಜಿನ್, 150 ಅಶ್ವಶಕ್ತಿ, 343 ಎನ್‌ಎಂ, ಬೆಲ್ಟ್ ಬದಲು ಚೈನ್. ಬೆಲ್ಟ್ ಖರ್ಚು ತಪ್ಪಿತು, ಆದರೆ ವೇಗ ಬಂದ ಮೇಲೆ ಟೈರು, ಬ್ರೇಕ್ ಪ್ಯಾಡು ಬೇಗ ಮುಗಿಯುತ್ತವೆ. ಕ್ಲಚ್ ಭಾರ, ಗೇರ್ ಲಿವರ್ ನಡುಗುತ್ತದೆ, ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ತಿರುಗಿಸಲು ತೋಳು ಬೇಕು. 2020ರ ನಂತರದ ಬಿಎಸ್-6 ಗಾಡಿಗಳಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿದು ಸುಡುವ ಫಿಲ್ಟರ್ ಇದೆ. ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ, ಶಾಲೆ-ತರಕಾರಿ ಓಡಾಟಕ್ಕೆ ಈ ಡೀಸೆಲ್ ಕೊಳ್ಳುವುದು ತಪ್ಪು. ಮಸಿ ಸುಡುವಷ್ಟು ಬಿಸಿ ಆಗುವುದೇ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೈವೇ ತೋರಿಸಿ. ಹಳೆಯ ಇನ್ನೋವಾಗೆ ಹಾಕುವ ಆಯಿಲ್ ಇದಕ್ಕೆ ಹಾಕಬೇಡಿ, ಬೂದಿ ಕಡಿಮೆ ಇರುವ ಗ್ರೇಡೇ ಬೇಕು.

2024ರ ಜನವರಿಯಲ್ಲಿ ಇದೇ ಜಿಡಿ ಎಂಜಿನ್‌ಗಳ ಅಶ್ವಶಕ್ತಿ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಅಂತ ಟೊಯೋಟಾ ಒಪ್ಪಿಕೊಂಡು, ನಮ್ಮಲ್ಲೂ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ರವಾನೆಯನ್ನು ಕೆಲ ದಿನ ನಿಲ್ಲಿಸಿತು. ಪರೀಕ್ಷೆಗೆ ಬೇರೆ ಸಾಫ್ಟ್‌ವೇರ್ ಇರುವ ಇಸಿಯು (ಎಂಜಿನ್ ಕಂಪ್ಯೂಟರ್) ಬಳಸಿ ಅಂಕಿಗಳ ಏರಿಳಿತ ಮುಚ್ಚಿದ್ದರು. ಮಾಡಿದ್ದು ಟೊಯೋಟಾ ಇಂಡಸ್ಟ್ರೀಸ್, ಅಂದರೆ ಆ ಹಳೆಯ ಮಗ್ಗದ ಕಂಪನಿಯೇ. ರಸ್ತೆಯಲ್ಲಿರುವ ಗಾಡಿಗಳ ಬಾಳಿಕೆಗೆ ಇದರಿಂದ ಏನೂ ಆಗಿಲ್ಲ. ಆದರೆ ಲೋಗೋ ನೋಡಿ ಕೈಮುಗಿಯುವವರು ನೆನಪಿಡಬೇಕಾದ ಸಂಗತಿ. ಟೊಯೋಟಾ ಹೆಸರಿನಲ್ಲಿ ಮಾರುವ ಗ್ಲಾನ್ಜಾ ಅಂದರೆ ಸುಜುಕಿಯ ಬಲೆನೋ. ಒಳ್ಳೆಯ ಕಾರೇ, ಆದರೆ ಇನ್ನೋವಾದ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಕ್ರಿಸ್ಟಾ ನಂತರದ ಇನ್ನೋವಾ ಹೈಕ್ರಾಸ್‌ನಲ್ಲಿ ಲಾರಿಯಂಥ ಲ್ಯಾಡರ್ ಫ್ರೇಮ್ ಇಲ್ಲ, ಡೀಸೆಲ್ ಇಲ್ಲ, ಎಳೆತ ಮುಂದಿನ ಚಕ್ರಕ್ಕೆ. ಊರೊಳಗೆ ಅದರ ಹೈಬ್ರಿಡ್ ಮೈಲೇಜ್ ಕ್ರಿಸ್ಟಾವನ್ನು ನಾಚಿಸುತ್ತದೆ. ಐದು ಲಕ್ಷದ ಲೆಕ್ಕ ಅದು ಓಡಿ ತೋರಿಸಿದ ಮೇಲೆ.

ಸೆಕೆಂಡ್ ಹ್ಯಾಂಡ್ ಇನ್ನೋವಾ ಕೊಳ್ಳುವವರು ಮೀಟರ್ ನೋಡುವುದು ದಂಡ. ಹತ್ತು ವರ್ಷದ ಗಾಡಿ 90,000 ತೋರಿಸಿದರೆ ಬ್ರೇಕ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಅಂಚು, ಸ್ಟೀರಿಂಗಿನ ಹೊಳಪು ನಿಜ ಹೇಳುತ್ತವೆ. ಚಾಸಿ ನಂಬರ್ ಕೊಟ್ಟು ಸರ್ವೀಸ್ ಸೆಂಟರಿನಲ್ಲಿ ಹಳೆಯ ದಾಖಲೆ ತೆಗೆಸಿ, ಮೊದಲು ಹಳದಿ ಬೋರ್ಡ್ ಆಗಿತ್ತೇ ಅಂತ ಆರ್‌ಟಿಓ ದಾಖಲೆಯಲ್ಲಿ ನೋಡಿ. ಟ್ಯಾಕ್ಸಿ ಆಗಿದ್ದರೆ ಕೆಟ್ಟದ್ದು ಅಂತಲ್ಲ. ಹೈವೇಯಲ್ಲೇ ಓಡಿ ಸಮಯಕ್ಕೆ ಆಯಿಲ್ ಕಂಡ ಟ್ಯಾಕ್ಸಿ, ಮನೆಯ ಮುಂದೆ ನಿಂತೇ ಮುದಿಯಾದ ಗಾಡಿಗಿಂತ ಎಷ್ಟೋ ಮೇಲು. ಕಾರವಾರ, ಉಡುಪಿ ಕಡೆಯ ಗಾಡಿಯಾದರೆ ಲಿಫ್ಟ್ ಮೇಲೆ ಏರಿಸಿ, ಹಿಂದಿನ ಆಕ್ಸಲ್ ಹತ್ತಿರದ ಫ್ರೇಮ್ ತುಕ್ಕು ಹಿಡಿದಿದೆಯೇ ಅಂತ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಹಿಂಬದಿ ಎಸಿಗೆ ಹೋಗುವ ಪೈಪುಗಳೂ ಗಾಡಿಯಡಿಯಲ್ಲೇ ಇವೆ, ಉಪ್ಪುಗಾಳಿಗೆ ತೂತಾಗುತ್ತವೆ. ಬೆಳಿಗ್ಗೆ ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಆ ದಿನ ನೋಡಬೇಡಿ, ಮಾರನೇ ದಿನ ತಣ್ಣಗಿರುವಾಗ ಮತ್ತೆ ಹೋಗಿ. ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ ಆ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ, ಗಾಡಿ ಕೈಗೆ ಬಂದ ವಾರವೇ ಹೊಸದು ಹಾಕಿಸಿ.