ಪ್ರಾಗ್‌ನ ಮೂರು ಬಿಯರ್: ನನ್ನ ವೋಟು ಬುಡ್ವಾರ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಜೆಕ್ ರಾಜಧಾನಿ ಪ್ರಾಗ್‌ನಲ್ಲಿ ಪಿಲ್ಸ್ನರ್ ಉರ್ಕ್ವೆಲ್, ಸ್ಟಾರೊಪ್ರಾಮೆನ್, ಬುಡ್ವಾರ್ ಮೂರನ್ನೂ ಕುಡಿದೆ. ನನಗೆ ಹಿಡಿಸಿದ್ದು ಬುಡ್ವಾರ್. ಅರ್ಧ ಕಾರಣ ರುಚಿ. ಇನ್ನರ್ಧ, ಅದು ಯಾರ ಸ್ವತ್ತು ಅನ್ನೋದು.

ಪಿಲ್ಸ್ನರ್ 2017ರಿಂದ ಜಪಾನಿನ ಅಸಾಹಿ ಕಂಪನಿಯದ್ದು. ಸ್ಟಾರೊಪ್ರಾಮೆನ್ 2012ರಿಂದ ಮೋಲ್ಸನ್ ಕೂರ್ಸ್ ಕೈಯಲ್ಲಿದೆ. ನಮ್ಮ ಕಿಂಗ್‌ಫಿಷರ್ ಹೈನೆಕೆನ್ ಹಿಡಿತಕ್ಕೆ ಹೋದದ್ದನ್ನು ನೋಡಿದವರಿಗೆ ಇದು ಹೊಸದಲ್ಲ. ಬುಡ್ವಾರ್ ಮಾತ್ರ ಇವತ್ತಿಗೂ ಜೆಕ್ ಸರ್ಕಾರದ್ದೇ, ಕೃಷಿ ಸಚಿವಾಲಯದ ಅಡಿಯಲ್ಲಿದೆ. ನಮಗೆ ಮೈಸೂರ್ ಸ್ಯಾಂಡಲ್ ಸೋಪ್ ಹೇಗೋ ಅವರಿಗೆ ಇದು ಹಾಗೆ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ ದೇಶದಲ್ಲಿ ಬಹುತೇಕ ಕಾರ್ಖಾನೆಗಳು ಸಾಲಾಗಿ ಖಾಸಗಿಯವರ ಪಾಲಾದವು. ‘ಬಡ್‌ವೈಸರ್’ ಹೆಸರಿಗಾಗಿ ಬುಡ್ವಾರ್ ಜೊತೆ ಹಲವು ದೇಶಗಳ ಕೋರ್ಟುಗಳಲ್ಲಿ ಜಗಳ ಆಡುತ್ತಿದ್ದ ಅಮೆರಿಕದ ಕಂಪನಿ ಇದರಲ್ಲೂ ಪಾಲು ಕೇಳಿತ್ತು. ಜೆಕ್ ಸರ್ಕಾರ ಕೊಡಲಿಲ್ಲ. ಅಮೆರಿಕದಲ್ಲಿ ಇದೇ ಬಿಯರ್ ‘ಚೆಕ್ವಾರ್’ ಅನ್ನೋ ಹೆಸರಲ್ಲಿ ಮಾರಾಟವಾಗುತ್ತದೆ.

ನಾನು ಹೋದದ್ದು 2025ರ ನವೆಂಬರ್‌ನಲ್ಲಿ. ಅಕ್ಟೋಬರ್ ಚುನಾವಣೆಯಲ್ಲಿ ಆಂದ್ರೇ ಬಾಬಿಶ್ ಅವರ ಆನೊ ಪಕ್ಷ ಗೆದ್ದಿತ್ತು. ಅಗ್ರೊಫರ್ಟ್ ಅನ್ನೋ ದೊಡ್ಡ ಕೃಷಿ–ಆಹಾರ ಸಮೂಹ ಕಟ್ಟಿದ ಬಾಬಿಶ್ ಮತ್ತೆ ಪ್ರಧಾನಿಯಾದರೆ ಆ ಕಂಪನಿ ಏನಾಗಬೇಕು ಅನ್ನೋದೇ ಎಲ್ಲ ಕಡೆ ಮಾತು. ಇಂಥ ಹೊತ್ತಲ್ಲಿ ‘ಇದು ಯಾರದ್ದು’ ಅನ್ನೋ ಪ್ರಶ್ನೆ ಬಿಯರ್ ಲೋಟದವರೆಗೂ ಬರುತ್ತದೆ. ನನ್ನ ಮೇಜಿನಲ್ಲೇ ಇಬ್ಬರು ವಾದಕ್ಕಿಳಿದಿದ್ದರು. ಬಿಯರ್ ಮಾಡೋದು ಸರ್ಕಾರದ ಕೆಲಸವೇ ಅಲ್ಲ ಅಂತ ಹುಡುಗ. ಇದೊಂದಾದರೂ ನಮ್ಮದಾಗಿ ಉಳಿಯಲಿ ಅಂತ ಹಿರಿಯರು. ನಾನು ಹಿರಿಯರ ಪಕ್ಷ.

ಈಗ ತೊಂದರೆಗೆ ಬರುತ್ತೇನೆ. ಪ್ರಾಗ್‌ನಲ್ಲಿ ಮೂರೂ ಬಿಯರನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಕುಡಿಯೋದು ಕಷ್ಟ. ಅಲ್ಲಿ ಸಾಮಾನ್ಯವಾಗಿ ಒಂದು ಪಬ್ ಒಂದು ಬ್ರೂವರಿಗೆ ಕಟ್ಟುಬಿದ್ದಿರುತ್ತದೆ. ಬಾಗಿಲ ಮೇಲಿನ ಬೋರ್ಡು, ನಲ್ಲಿ, ಲೋಟ, ಲೋಟದ ಕೆಳಗಿಡುವ ರಟ್ಟು, ಹೊರಗಿನ ಕೊಡೆ ಎಲ್ಲದರ ಮೇಲೂ ಅದೇ ಹೆಸರು. ಬ್ರೂವರಿ ಸಾಮಾನು ಕೊಡುತ್ತದೆ, ಪಬ್ಬಿನವರು ಅದರ ಬಿಯರನ್ನೇ ಮಾರುತ್ತಾರೆ. ಮೊದಲ ಸಂಜೆ ಬುಡ್ವಾರ್ ಇದೆಯಾ ಅಂತ ಕೇಳಿದೆ. ವೇಟರ್ ಮಾತೇ ಆಡಲಿಲ್ಲ, ಬಾಗಿಲ ಕಡೆ ಬೆರಳು ತೋರಿಸಿದ. ಅಲ್ಲಿ ಪಿಲ್ಸ್ನರ್ ಬೋರ್ಡಿತ್ತು.

ನಗರದ ನಡುಭಾಗದಲ್ಲಿ ಹೆಜ್ಜೆಹೆಜ್ಜೆಗೂ ಪಿಲ್ಸ್ನರ್. ಬುಡ್ವಾರ್ ಬೇಕಂದ್ರೆ ಬೋರ್ಡು ಓದುತ್ತಾ ಬೀದಿ ಬೀದಿ ನಡೀಬೇಕು. ಚಳಿಯಲ್ಲಿ ಇಪ್ಪತ್ತು ನಿಮಿಷ ನಡೆದು ಇನ್ನೊಂದು ಪಬ್ ಸೇರುವಷ್ಟರಲ್ಲಿ ಹಿಂದಿನ ರುಚಿ ನಾಲಿಗೆಯಿಂದ ಹೋಗಿರುತ್ತದೆ. ಮತ್ತೆ ಹೋಲಿಸೋದು ಹೇಗೆ? ಸೂಪರ್‌ಮಾರ್ಕೆಟ್‌ನಿಂದ ಮೂರೂ ಬಾಟಲಿ ತಂದು ರೂಮಲ್ಲಿ ಸಾಲಾಗಿಟ್ಟು ನೋಡಿದೆ. ಆದರೆ ಬಾಟಲಿ ಪಿಲ್ಸ್ನರ್‌ಗೂ ಪಬ್ಬಿನ ಟ್ಯಾಂಕಿನಿಂದ ಬರುವ ಪಿಲ್ಸ್ನರ್‌ಗೂ ಬಹಳ ವ್ಯತ್ಯಾಸ. ಟ್ಯಾಂಕಿನದ್ದು ಪಾಶ್ಚರೀಕರಿಸದ ಬಿಯರ್, ಅದರ ತಾಜಾತನ ಬಾಟಲಿಯಲ್ಲಿ ಸಿಗೋದಿಲ್ಲ. ಹಾಗಾಗಿ ಆ ಹೋಲಿಕೆ ಪಿಲ್ಸ್ನರ್‌ಗೆ ಅನ್ಯಾಯ ಅನ್ನಿಸಿತು.

ಕೊನೆಗೆ ದಾರಿ ಸಿಕ್ಕಿದ್ದು ನಾರೋದ್ನಿ ಬೀದಿಯಲ್ಲಿ. ನವೆಂಬರ್ 17 ಅಲ್ಲಿ ಸರ್ಕಾರಿ ರಜೆ. 1939ರಲ್ಲಿ ನಾಜಿಗಳು ಜೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದ ದಿನ ಅದು. 1989ರಲ್ಲಿ ಅದೇ ದಿನ ಮೆರವಣಿಗೆ ಬಂದ ವಿದ್ಯಾರ್ಥಿಗಳನ್ನು ಪೊಲೀಸರು ಈ ಬೀದಿಯಲ್ಲೇ ಹೊಡೆದರು. ಮುಂದಿನ ಕೆಲವೇ ವಾರಗಳಲ್ಲಿ ಕಮ್ಯುನಿಸ್ಟ್ ಆಡಳಿತ ಬಿತ್ತು. ಆ ಜಾಗದಲ್ಲಿ ಗೋಡೆಯ ಮೇಲೆ ಕಂಚಿನ ಕೈಗಳ ಫಲಕವಿದೆ. ಜನ ಮಕ್ಕಳನ್ನು ಕರೆತಂದು ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿ ನಿಂತಾಗ ನನ್ನ ಗಂಟಲು ಕಟ್ಟಿತು.

ಅಲ್ಲಿಂದ ಸ್ವಲ್ಪ ನಡೆದರೆ ‘ಉ ಮೆದ್ವೀಡ್ಕು’ ಅನ್ನೋ ಹಳೇ ಪಬ್. ಅಲ್ಲಿ ಬುಡ್ವಾರ್ ನಲ್ಲಿಯಿಂದಲೇ ಸಿಗುತ್ತದೆ. ಪಿಲ್ಸ್ನರ್ ಬೋರ್ಡುಗಳೂ ಹತ್ತಿರದಲ್ಲೇ ಇವೆ. ಒಂದರಿಂದ ಇನ್ನೊಂದಕ್ಕೆ ಬೇಗ ಹೋಗಬಹುದು.

ಪಿಲ್ಸ್ನರ್ ನಿಜಕ್ಕೂ ದೊಡ್ಡ ಬಿಯರ್. 1842ರಲ್ಲಿ ಪಿಲ್ಸೆನ್ ಊರಿನಲ್ಲಿ ಹುಟ್ಟಿತು, ಜಗತ್ತಿನ ಹೊಂಬಣ್ಣದ ಲಾಗರ್‌ಗಳೆಲ್ಲ (ತಣ್ಣಗೆ ಮಾಗಿಸಿದ ಬಿಯರ್) ಅದರ ದಾರಿಯಲ್ಲೇ ಬಂದವು. 1994ರಲ್ಲಿ ಆಗಿನ ಜೆಕ್ ಅಧ್ಯಕ್ಷ ಹಾವೆಲ್ ಅವರು ಅಮೆರಿಕದ ಅಧ್ಯಕ್ಷ ಕ್ಲಿಂಟನ್‌ರನ್ನು ಕರೆದುಕೊಂಡು ಹೋದದ್ದೂ ‘ಉ ಜ್ಲಾತೆಹೊ ತಿಗ್ರಾ’ ಅನ್ನೋ ಪಿಲ್ಸ್ನರ್ ಪಬ್ಬಿಗೇ. ನೊರೆ ದಪ್ಪ, ಕಹಿ ಜಾಸ್ತಿ. ಮೊದಲ ಲೋಟ ಅದ್ಭುತ. ಎರಡನೆಯದಕ್ಕೆ ಆ ಕಹಿ ನನಗೆ ಭಾರ ಅನ್ನಿಸುತ್ತದೆ.

ಸ್ಟಾರೊಪ್ರಾಮೆನ್ ಪ್ರಾಗ್‌ನ ಸ್ಮಿಖೋವ್ ಬಡಾವಣೆಯಲ್ಲೇ ತಯಾರಾಗುತ್ತದೆ. ಚೆನ್ನಾಗಿದೆ, ಆದರೆ ನೆನಪಲ್ಲಿ ಉಳಿಯೋದಿಲ್ಲ.

ಬುಡ್ವಾರ್‌ನಲ್ಲಿ ಮಾಲ್ಟಿನ ಸಿಹಿ ಮೊದಲು ಬರುತ್ತದೆ, ಕಹಿ ನಿಧಾನವಾಗಿ ಹಿಂದಿನಿಂದ. ಅದರ ಲಾಗರ್ ತೊಂಬತ್ತು ದಿನ ತಣ್ಣಗೆ ಮಾಗುತ್ತದೆ. ಆ ಮೃದುತ್ವ ಗೊತ್ತಾಗುತ್ತದೆ.

ಮೆನುವಿನಲ್ಲಿ 10, 12 ಅಂತಿರೋದು ಆಲ್ಕೋಹಾಲ್ ಪ್ರಮಾಣ ಅಲ್ಲ, ಹುದುಗುವ ಮುಂಚೆ ಮಾಲ್ಟಿನ ರಸ ಎಷ್ಟು ಗಟ್ಟಿ ಇತ್ತು ಅನ್ನೋ ಲೆಕ್ಕ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಕರಿದ ಚೀಸ್, ಆಲೂಗೆಡ್ಡೆಯ ದೋಸೆಯಂಥ ಬ್ರಾಂಬೊರಾಕ್ ಸಿಗುತ್ತವೆ.

ನಾನು ಸಂಜೆ ಎರಡು ಲೋಟ ಹಿಡಿದು ಎರಡು ಗಂಟೆ ಕೂರುವವನು. ನನಗೆ ಬುಡ್ವಾರ್ ಸರಿ. ಒಂದೇ ಲೋಟ ಕುಡಿದು ಏಳುವವರು ಟ್ಯಾಂಕ್ ಪಿಲ್ಸ್ನರ್ ತಗೊಳ್ಳಿ. ನಡುಭಾಗದಲ್ಲಿ ನಾನು ಅರ್ಧ ಲೀಟರಿಗೆ 60ರಿಂದ 80 ಕೊರುನಾ ಕೊಟ್ಟೆ. ಒಂದು ಕೊರುನಾ ಅಂದ್ರೆ ಸುಮಾರು ನಾಲ್ಕು ರೂಪಾಯಿ. ಜೇಬು ನೋಡಿಕೊಂಡು ಹೊರಟವರಿಗೆ ಜಿಜ್ಕೊವ್ ಬಡಾವಣೆ ಕಡೆ ಕಮ್ಮಿಗೆ ಸಿಗುತ್ತದೆ. ಅಂಗಡಿಯ ಬಾಟಲಿ ಇನ್ನೂ ಅಗ್ಗ, ಆದರೆ ನಡುಭಾಗದ ಎಷ್ಟೋ ಬೀದಿಗಳಲ್ಲಿ ಬಯಲಲ್ಲಿ ಕುಡಿಯೋ ಹಾಗಿಲ್ಲ. ರೂಮಿಗೆ ತಂದೇ ತೆಗೆಯಿರಿ.