ವಿಜಯಪುರದಲ್ಲಿ ಕಾಲ್ನಡಿಗೆ: ಪಶ್ಚಿಮದ ಬುರುಜುಗಳೋ, ಅರಕಿಲ್ಲೆಯ ಒಳದಾರಿಯೋ?

ಗೋಳಗುಮ್ಮಟವನ್ನು ಒಮ್ಮೆ ನೋಡಿ ಮುಗಿಸಿದವರು ವಿಜಯಪುರಕ್ಕೆ ಮತ್ತೆ ಹೋದರೆ ಎಲ್ಲಿ ನಡೆಯಬೇಕು ಎಂಬುದನ್ನು ತಿಳಿಯಲು ಕಳೆದ ಚಳಿಗಾಲದಲ್ಲಿ ಎರಡು ಬೆಳಗುಗಳನ್ನು ಎರಡು ದಾರಿಗಳಿಗೆ ಮೀಸಲಿಟ್ಟೆ. ಮೊದಲನೆಯ ದಿನ ಊರಿನ ಪಶ್ಚಿಮದ ಅಂಚಿನಲ್ಲಿ ಇಬ್ರಾಹಿಂ ರೋಜಾದಿಂದ ಹೊರಟು ತಾಜ್ ಬಾವಡಿ, ಜೋಡಗುಮ್ಮಟ, ಉಪ್ಲಿ ಬುರುಜುಗಳನ್ನು ದಾಟಿ ಮಲಿಕ್-ಎ-ಮೈದಾನ್ ತೋಪಿನವರೆಗೆ ನಡೆದೆ. ಎರಡನೆಯ ದಿನ ನಡು ಊರಿನ ಅರಕಿಲ್ಲೆಯನ್ನು, ಎಂದರೆ ಅರಮನೆಗಳಿರುವ ಒಳಕೋಟೆಯನ್ನು, ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಎರಡಕ್ಕೂ ಹೆಚ್ಚುಕಡಿಮೆ ನಾಲ್ಕು ಗಂಟೆ ಹಿಡಿಯಿತು.

ಪಶ್ಚಿಮದ ದಾರಿಯಲ್ಲಿ ಇರುವುದೆಲ್ಲ ದೊಡ್ಡದು. ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ತೋಪು. ಆನೆಯನ್ನು ದವಡೆಯಲ್ಲಿ ಕಚ್ಚಿ ಹಿಡಿದ ಸಿಂಹದ ಮುಖವೇ ಅದರ ಬಾಯಿ. 1620ರ ತಾಜ್ ಬಾವಡಿಯ ಕಮಾನಿನಡಿ ನಿಂತರೆ ಅದನ್ನು ಬಾವಿ ಎನ್ನಲು ಮನಸ್ಸು ಬರುವುದಿಲ್ಲ, ಕೆರೆಯೆನ್ನಬೇಕು. ಆದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ನೆರಳಿಲ್ಲ, ಧೂಳಿದೆ, ಬೆನ್ನ ಹಿಂದೆ ಟಂಟಂಗಳ ಹಾರ್ನಿದೆ. ಹತ್ತು ಗಂಟೆಯ ಹೊತ್ತಿಗೆ ನಾನು ಗೋಡೆಯನ್ನು ನೋಡುವುದನ್ನು ಬಿಟ್ಟು ಕಾಲ ಕೆಳಗಿನ ನೆಲವನ್ನಷ್ಟೇ ನೋಡುತ್ತಿದ್ದೆ. ಅಲ್ಲಿ ನಡೆದದ್ದರಿಂದ ನನಗೆ ಹೆಚ್ಚಾಗಿ ದಕ್ಕಿದ್ದು ಏನೂ ಇಲ್ಲ. ಟಾಂಗಾದಲ್ಲೋ ಆಟೋದಲ್ಲೋ ಹೋದವರೂ ಇಷ್ಟನ್ನೇ ಕಾಣುತ್ತಾರೆ.

ಅರಕಿಲ್ಲೆಯಲ್ಲಿ ಮಾತು ಬೇರೆ. ಇಲ್ಲಿ ಅರಮನೆಗಳ ನಡುವೆಯೇ ಸರಕಾರಿ ಕಚೇರಿಗಳು ಬೆಳೆದಿವೆ, ಅರಮನೆಗಳ ಒಳಗೂ ಹೊಕ್ಕಿವೆ. ಒಂದು ಕಾಲಕ್ಕೆ ನೀರಿನ ನಡುವೆ ಇದ್ದ ಜಲಮಂಜಿಲ್ ಎಂಬ ಪುಟ್ಟ ಮಂಟಪ ಈಗ ಒಣನೆಲದಲ್ಲಿ, ಸಾತ್ ಮಂಜಿಲ್ ಅರಮನೆಯ ಎದುರಿಗೆ ರಸ್ತೆಯ ಮಗ್ಗುಲಲ್ಲೇ ನಿಂತಿದೆ. ವಾಹನದಲ್ಲಿ ಹೋಗುವವರ ಕಣ್ಣಿಗೆ ಅದು ಬೀಳುವುದೂ ಅನುಮಾನ. ಒಂದು ಹಳೆಯ ಬಾಗಿಲಲ್ಲಿ ಇಣುಕುತ್ತಿದ್ದಾಗ ಕಾವಲುಗಾರರು, "ಒಳಗ ನೋಡಾಕ ಏನೈತ್ರೀ ಸರ, ಬರೇ ಫೈಲ್ ಅದಾವ," ಎಂದು ನಕ್ಕರು. 1561ರ ಗಗನ ಮಹಲಿನ ನಡುಗಮಾನು ಅರವತ್ತು ಅಡಿಯಷ್ಟು ಅಗಲವಾಗಿದೆ. 1686ರಲ್ಲಿ ಔರಂಗಜೇಬನ ಮುಂದೆ ವಿಜಯಪುರದ ಕೊನೆಯ ಸುಲ್ತಾನ ಸಿಕಂದರ ಆದಿಲ್‌ಶಾಹನನ್ನು ಬೆಳ್ಳಿಯ ಸರಪಳಿಯಲ್ಲಿ ತಂದು ನಿಲ್ಲಿಸಿದರೆಂದು ಹೇಳುವ ಜಾಗ ಇದೇ.

ನಾನು ಹೆಚ್ಚು ಹೊತ್ತು ಕುಳಿತದ್ದು ಕರೀಮುದ್ದೀನ್ ಮಸೀದಿಯಲ್ಲಿ. ಇದು 1320ರದ್ದು, ಎಂದರೆ ಆದಿಲ್‌ಶಾಹಿ ಶುರುವಾಗುವುದಕ್ಕೆ ನೂರೆಪ್ಪತ್ತು ವರ್ಷ ಮುಂಚಿನದು. ಮೇಲೆ ಗುಮ್ಮಟವಿಲ್ಲ, ಮಿನಾರುಗಳಿಲ್ಲ. ಒಳಗೆ ದೇವಾಲಯದ ಕಂಬಗಳು ಸಾಲಾಗಿ ನಿಂತಿವೆ, ಒಂದು ಚೌಕ, ಮೇಲೊಂದು ಎಂಟು ಮೂಲೆ, ಅದರ ಮೇಲೊಂದು ದುಂಡು, ಕಲ್ಯಾಣ ಚಾಲುಕ್ಯರ ನಾಡಿನಲ್ಲಿ ಬೆಳೆದವರಿಗೆ ಪರಿಚಯ ಹೇಳಬೇಕಿಲ್ಲದ ಕಂಬಗಳು. ಕಟ್ಟಿದ ಕುಶಲಕರ್ಮಿ ಸಾಲೋಟಗಿಯವನೆಂದು ಶಾಸನವಿದೆ. ಸಾಲೋಟಗಿ ಇಲ್ಲೇ ಇಂಡಿಯ ಪಕ್ಕದ ಹಳ್ಳಿ. ಮಸೀದಿಯಿಂದ ಸ್ವಲ್ಪವೇ ದೂರದಲ್ಲಿ, ಕಂದಕದ ದಡದಲ್ಲಿ, ಅರಳಿಮರದ ಕೆಳಗೆ ನರಸಿಂಹನ ಗುಡಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಇಲ್ಲಿಗೆ ನಡೆದುಕೊಳ್ಳುತ್ತಿದ್ದನೆಂದು ಊರವರು ಇಂದಿಗೂ ಹೇಳುತ್ತಾರೆ.

ಈ ದಾರಿಗೂ ದೋಷಗಳಿವೆ. ಫಲಕಗಳು ಕಡಿಮೆ, ಬೀಗಗಳು ಹೆಚ್ಚು, ಒಂದೇ ಗೋಡೆಯನ್ನು ನಾನು ಎರಡು ಸಲ ಸುತ್ತಿದೆ. ಆದರೂ ಪೂರ್ವಕ್ಕೆ ಹೊರಬಿದ್ದು ಜುಮ್ಮಾ ಮಸೀದಿಯ ಕಡೆ ತಿರುಗಿದರೆ ಸಿಗುವ ಮೆಹತರ್ ಮಹಲ್ ಒಂದೇ ಆ ಸುತ್ತಾಟಕ್ಕೆ ಸಾಕು. ಮಹಲೆಂಬುದು ಹೆಸರಿಗೆ ಮಾತ್ರ, ಅದು ಮಸೀದಿಯೊಂದರ ಹೆಬ್ಬಾಗಿಲು. ಅದರ ಬಾಲ್ಕನಿಗಳನ್ನು ಹೊತ್ತ ಓರೆಗಂಬಗಳ ಕೆತ್ತನೆ ಎಷ್ಟು ತೆಳುವೆಂದರೆ ಅದು ಸಾಗವಾನಿಯಲ್ಲ, ಕಲ್ಲು ಎಂಬುದು ಹತ್ತಿರ ಹೋಗಿ ಕತ್ತೆತ್ತಿ ನೋಡಿದ ಮೇಲಷ್ಟೇ ನನಗೆ ಖಾತ್ರಿಯಾಯಿತು.

ಆದ್ದರಿಂದ ಒಂದೇ ದಿನ ಇದ್ದರೆ ಬೆಳಗಿನ ತಂಪನ್ನು ಅರಕಿಲ್ಲೆಗೆ ಕೊಡಬೇಕು, ಅದೂ ಕಚೇರಿ ತೆರೆದು ಜನ ಸೇರುವ ಮುಂಚೆ. ಪಶ್ಚಿಮಕ್ಕೆ ಮಧ್ಯಾಹ್ನದ ನಂತರ ಆಟೋ ಮಾಡಿಕೊಂಡು ಹೋಗಿ ಉಪ್ಲಿ ಬುರುಜನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳಬೇಕು. ಬುರುಜಿನ ಹೊರಮೈಗೆ ಸುತ್ತಿಕೊಂಡು ಏರುವ ಮೆಟ್ಟಿಲುಗಳು ಎತ್ತರವಾಗಿವೆ, ಮೊಣಕಾಲು ನೋವಿರುವವರು ಅವಸರಿಸಬಾರದು. ಮೇಲೆ ಒಂಬತ್ತು ಮೀಟರಿನಷ್ಟು ಉದ್ದದ ಕಬ್ಬಿಣದ ತೋಪು ಮಲಗಿದೆ, ಸಂಜೆಯ ಹೊತ್ತಿಗೆ ಅದು ಕೈ ಇಡುವಷ್ಟು ಆರಿರುತ್ತದೆ.