ಡಕ್ಟ್ ಒಳಗಿನ ‘ಟಕ್’: ಚೈನ್ ಕಟರ್ ಜೊತೆ ಮೂರು ವರ್ಷ

ಮಲ್ಲೇಶ್ವರ, ಬಸವನಗುಡಿ ಕಡೆಯ ಹಳೇ ಮನೆಗಳಲ್ಲಿ ಪ್ಲಂಬಿಂಗ್ ಮಾಡುತ್ತೇನೆ. ಅಲ್ಲಿ ಟಾಯ್ಲೆಟ್ ಲೈನ್ ಅಂದರೆ ಹೆಚ್ಚಾಗಿ 4 ಇಂಚಿನ ಸಿಐ, ಅಂದರೆ ಎರಕದ ಕಬ್ಬಿಣದ ಪೈಪು. ಪೈಪುಗಳಿಗೇ ಅಂತ ಬಿಟ್ಟಿರುವ ಇಕ್ಕಟ್ಟಿನ ಡಕ್ಟ್‌ನಲ್ಲಿ ಗೋಡೆ ಪಕ್ಕದಲ್ಲೇ ಇಳಿದಿರುತ್ತದೆ. ಮುಂಚೆ ಕತ್ತರಿಸೋದಕ್ಕೆ ಡಿಸ್ಕ್ ತಿರುಗುವ ಗ್ರೈಂಡರ್ ಮೆಷಿನ್ ಬಳಸುತ್ತಿದ್ದೆ. ಮುಂದಿನ ಅರ್ಧ ಸಲೀಸು. ಹಿಂದಿನ ಅರ್ಧಕ್ಕೆ ಡಿಸ್ಕೇ ಹೋಗಲ್ಲ. ಕಿಡಿ ಮುಖಕ್ಕೇ ಹಾರುತ್ತದೆ, ಮೂಗಿನೊಳಗೆಲ್ಲ ಕಪ್ಪು ಪುಡಿ. ಪೈಪು ಒಂಚೂರು ಕುಸಿದು ಡಿಸ್ಕ್ ಸಿಕ್ಕಿಕೊಂಡರಂತೂ ಮೆಷಿನ್ ಕೈ ಕಿತ್ತುಕೊಂಡು ಹೋಗುತ್ತದೆ.

ಆ ಭಯಕ್ಕೇ ರ್ಯಾಚೆಟ್ ಇರುವ ಚೈನ್ ಕಟರ್ ತಗೊಂಡೆ. ಪೈಪಿಗೆ ಚೈನ್ ಸುತ್ತಿ, ಬಿಗಿದು ಕತ್ತರಿಸುವ ಟೂಲು ಇದು. ಪೈಪಿನ ಹಿಂದೆ ಚೈನ್ ನುಸುಳುವಷ್ಟು ಸಂದಿ ಇದ್ದರೆ ಸಾಕು. ಹಿಡಿಯನ್ನು ಪೂರ್ತಿ ತಿರುಗಿಸಬೇಕಾಗಿಲ್ಲ, ಸ್ವಲ್ಪ ಅತ್ತ ಸ್ವಲ್ಪ ಇತ್ತ ಆಡಿಸಿದರೆ ಆಯಿತು. ಚೈನಿನ ಪುಟ್ಟ ಚಕ್ರಗಳು ಸುತ್ತಲೂ ಒಂದೇ ಸಲ ಕಚ್ಚುತ್ತವೆ. ಬಿಗಿ ಹೆಚ್ಚುತ್ತಾ ಹೋಗುತ್ತದೆ, ಆಮೇಲೆ ‘ಟಕ್!’ ಸಿಐ ಬಗ್ಗುವುದಿಲ್ಲ ಅಲ್ವಾ, ಗೆರೆ ಬಿದ್ದಲ್ಲಿ ಮುರಿಯುತ್ತದೆ. ಮೊದಲ ದಿನ ಆ ಸದ್ದಿಗೆ ಅಡುಗೆಮನೆಯಿಂದ ಅಜ್ಜಿ “ಏನಪ್ಪಾ, ಏನೋ ಮುರೀತಾ?” ಅಂತ ಓಡಿಬಂದರು. ಹೌದಮ್ಮ ಅಂದೆ. ಅಷ್ಟು ಖುಷಿ ಯಾವ ಟೂಲೂ ಕೊಟ್ಟಿಲ್ಲ.

ಸಂಜೆ ಅದನ್ನು ಒರೆಸುವುದೂ ನನಗಿಷ್ಟ. ಹಳೇ ಟೂತ್‌ಬ್ರಷ್ ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದೇ ಚಕ್ರ ಉಜ್ಜುತ್ತೇನೆ. ಹೆಬ್ಬೆರಳಲ್ಲಿ ತಿರುಗಿಸಿ ನೋಡಿ, ಒಂದು ಹನಿ ಎಣ್ಣೆ ಬಿಟ್ಟು, ಹಳೇ ಪಂಚೆಯಲ್ಲಿ ಸುತ್ತಿಡುತ್ತೇನೆ.

ಆದರೆ ಹೋದ ಮಳೆಗಾಲದಲ್ಲಿ ಇದೇ ಕಟರ್ ಮೇಲೆ ಬಹಳ ಸಿಟ್ಟು ಬಂತು. ಒಳಗೆಲ್ಲ ತುಕ್ಕು ತಿಂದು ತೆಳ್ಳಗಾಗಿದ್ದ ಪೈಪದು. ಬಿಗಿ ಮಾಡುತ್ತಿದ್ದ ಹಾಗೇ ಹಪ್ಪಳದ ಹಾಗೆ ಪುಡಿಯಾಯಿತು. ಬಿರುಕು ಉದ್ದಕ್ಕೆ ಓಡಿ ಕೆಳಗಿನ ಸೀಸದ ಜಾಯಿಂಟ್‌ವರೆಗೂ ಹೋಯಿತು. ಪೂರ್ತಿ ಪೈಪೇ ಇಳಿಸಬೇಕಾಯಿತು. ಆ ಮನೆಯವರು ಎರಡು ದಿನ ಪಕ್ಕದ ಮನೆ ಟಾಯ್ಲೆಟ್‌ಗೆ ಹೋದರು. ಮಾರುವಾಗ ಅಂಗಡಿಯವರು “ಎಂಥಾ ಸಿಐ ಆದ್ರೂ ಕಟ್ ಆಗುತ್ತೆ ಸಾರ್” ಅಂದಿದ್ದರು. ಹಾಗೆ ಹೇಳಬಾರದಿತ್ತು.

ಈಗ ಮೊದಲು ಸ್ಪ್ಯಾನರಲ್ಲಿ ಪೈಪಿನ ಸುತ್ತ ತಟ್ಟುತ್ತೇನೆ. ‘ಠಣ್’ ಅಂದರೆ ಚೈನ್ ಹಾಕುತ್ತೇನೆ. ಮಂಕಾಗಿ ‘ದಬ್’ ಅಂದರೆ ಕಟರ್ ಮುಟ್ಟಲ್ಲ, ಕಾರ್ಬೈಡ್ ಗ್ರಿಟ್ ಬ್ಲೇಡ್ (ಹಲ್ಲಿನ ಬದಲು ಗಟ್ಟಿ ಹರಳು ಅಂಟಿಸಿದ್ದು) ಹಾಕಿದ ರೆಸಿಪ್ರೊಕೇಟಿಂಗ್ ಸಾ, ಅಂದರೆ ಬ್ಲೇಡ್ ಹಿಂದೆ ಮುಂದೆ ಆಡುವ ಗರಗಸದ ಮೆಷಿನ್ ತೆಗೆಯುತ್ತೇನೆ. ನಿಧಾನ, ಕೈ ಜೋಮು ಹಿಡಿಯುತ್ತದೆ, ಆದರೂ ಪೈಪು ಒಡೆಯುವ ಭಯ ಕಮ್ಮಿ. ಮಾಮೂಲಿ ಹಲ್ಲಿನ ಬ್ಲೇಡ್ ಬೇಡ, ಹಲ್ಲು ಬೇಗ ಸವೆದುಹೋಗುತ್ತದೆ. ಯಾವುದರಲ್ಲಿ ಕತ್ತರಿಸಿದರೂ ಮೇಲಿನ ಪೈಪನ್ನು ಗೋಡೆಗೆ ಗಟ್ಟಿ ಕ್ಲಾಂಪ್ ಮಾಡಿಯೇ ಶುರು ಮಾಡಿ. ಅದರ ಭಾರ ನಿಮ್ಮ ತಲೆ ಮೇಲೇ ಇರುತ್ತದೆ.

ತಿಂಗಳಿಗೆ ಎರಡಾದರೂ ಸಿಐ ಕೆಲಸ ಸಿಗುವವರು ಧೈರ್ಯವಾಗಿ ಚೈನ್ ಕಟರ್ ತಗೊಳ್ಳಿ. ವರ್ಷಕ್ಕೊಮ್ಮೆ ಸಿಗುವವರು ಬಾಡಿಗೆಗೆ ತನ್ನಿ. ತರುವಾಗ ಅಲ್ಲೇ ನಿಂತು ಪ್ರತಿ ಚಕ್ರದ ಅಂಚು ನೋಡಿ. ಒಂದೇ ಒಂದು ಮೊಂಡಾಗಿದ್ದರೂ ಗೆರೆ ಸರಿಯಾಗಿ ಬೀಳಲ್ಲ.